ಬೇಸಿಕ್ ಪರ್ವತಾರೋಹಣ ಕೋರ್ಸ್: ಶಿವಮೊಗ್ಗದಿಂದ ಹೋದರೆ ಖರ್ಚೆಷ್ಟು, ಅಷ್ಟು ಹಾಕಿ ಸಿಗೋದೇನು?

ತುಂಗಾ ತೀರ:
ನಮಸ್ಕಾರ. ಅಣ್ಣನ ಮಗ ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೊನೇ ವರ್ಷ. ಪರೀಕ್ಷೆ ಮುಗಿದ ಮೇಲೆ ಉತ್ತರಕಾಶಿಯಲ್ಲೋ ಡಾರ್ಜಿಲಿಂಗಿನಲ್ಲೋ ಬೇಸಿಕ್ ಮೌಂಟೇನಿಯರಿಂಗ್ ಕೋರ್ಸ್ ಮಾಡ್ತೀನಿ ಅಂತ ಪಟ್ಟು ಹಿಡಿದಿದ್ದಾನೆ. ಫೀಸು, ಉಳಿದದ್ದೆಲ್ಲ ಸೇರಿ ಒಟ್ಟು ಎಷ್ಟು ಬೀಳ್ತದೆ? "ಕೊಡಚಾದ್ರಿ ಹತ್ತೋ ಹುಡುಗನಿಗೆ ಹತ್ತೋದು ಕಲಿಸೋಕೆ ಶಾಲೆ ಯಾಕೆ" ಅಂತ ಅಣ್ಣ ಕೇಳ್ತಿದ್ದಾನೆ. ಮನಾಲಿ ಕಡೆಯ ಆರು ದಿನದ ಖಾಸಗಿ ಕೋರ್ಸಿನ ಜಾಹೀರಾತೂ ಕಣ್ಣಿಗೆ ಬಿದ್ದಿದೆ. ಅದೇ ಸಾಕಾ? ತಿಳಿದವರು ಲೆಕ್ಕ ಸಮೇತ ಹೇಳಿ.

ಹಗ್ಗ ಗಂಟು:
ಮೊದಲು ಲೆಕ್ಕ. ಸರ್ಕಾರಿ ಸಂಸ್ಥೆಗಳ ಬೇಸಿಕ್ ಕೋರ್ಸ್ 26ರಿಂದ 28 ದಿನ. ಫೀಸು ಸಂಸ್ಥೆಯಿಂದ ಸಂಸ್ಥೆಗೆ, ವರ್ಷದಿಂದ ವರ್ಷಕ್ಕೆ ಬದಲಾಗ್ತದೆ. ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರದ ನಡುವೆ ಇಟ್ಟುಕೊಳ್ಳಿ, ಅರ್ಜಿ ಹಾಕುವ ದಿನ ಅವರ ಜಾಲತಾಣದಲ್ಲಿ ಇರೋದೇ ಅಂತಿಮ. ಊಟ, ವಸತಿ, ತರಬೇತಿ, ತಾಂತ್ರಿಕ ಸಾಮಾನು ಅದರಲ್ಲೇ ಬರ್ತದೆ. ಇಷ್ಟು ಅಗ್ಗ ಯಾಕೆ ಅಂದರೆ ಡಾರ್ಜಿಲಿಂಗ್, ಉತ್ತರಕಾಶಿ, ಪಹಲ್ಗಾಮ್ ಮೂರನ್ನೂ ರಕ್ಷಣಾ ಸಚಿವಾಲಯ ಮತ್ತು ಆಯಾ ಸರ್ಕಾರಗಳು ಸೇರಿ ನಡೆಸ್ತವೆ. ಮನಾಲಿಯದ್ದು ಹಿಮಾಚಲ ಸರ್ಕಾರದ್ದು. ನಿಮ್ಮ ಹುಡುಗನ ಕಲಿಕೆಯ ನಿಜವಾದ ಖರ್ಚಿನಲ್ಲಿ ದೊಡ್ಡ ಪಾಲನ್ನು ಸರ್ಕಾರವೇ ಹೊರ್ತದೆ.

ಪ್ರಯಾಣ: ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ದಿಲ್ಲಿಗೆ ರೈಲು. ಸ್ಲೀಪರ್ ಸಾವಿರದ ಆಸುಪಾಸು, ತ್ರೀ ಟೈರ್ ಎಸಿ ಎರಡೂವರೆ ಸಾವಿರದ ಆಸುಪಾಸು. ಡೆಹ್ರಾಡೂನ್ ಅಥವಾ ಋಷಿಕೇಶದಿಂದ ಉತ್ತರಕಾಶಿಗೆ ಘಾಟಿ ರಸ್ತೆಯಲ್ಲಿ ಆರೇಳು ತಾಸು ಬಸ್ಸು ಅಥವಾ ಶೇರ್ ಜೀಪು. ಡಾರ್ಜಿಲಿಂಗಿಗಾದರೆ ನ್ಯೂ ಜಲ್ಪೈಗುರಿಯಲ್ಲಿ ಇಳಿದು ಜೀಪು. ದಾರಿ ಊಟ, ಒಂದು ರಾತ್ರಿ ಲಾಡ್ಜು ಸೇರಿ ಹೋಗಿಬರೋಕೆ ಐದರಿಂದ ಎಂಟು ಸಾವಿರ. ಬಟ್ಟೆಬರೆ, ಸಣ್ಣಪುಟ್ಟ ಸಾಮಾನು ಹೊಸದಾಗಿ ತಗೊಂಡರೆ ಎಂಟರಿಂದ ಹದಿನೈದು. ವೈದ್ಯಕೀಯ ತಪಾಸಣೆ, ವಿಮೆ ಎರಡು ಮೂರು. ಕೈಯಲ್ಲಿ ನಾಲ್ಕೈದು ಇರಲಿ. ಒಟ್ಟು ಮೂವತ್ತು ಸಾವಿರದಿಂದ ಐವತ್ತೈದು ಸಾವಿರ.

ಯಾರೂ ಲೆಕ್ಕಕ್ಕೆ ಹಿಡಿಯದ್ದು ದಿನ. ಹೋಗಲು ಮೂರು, ಬರಲು ಮೂರು ಸೇರಿ ಮೂವತ್ತನಾಲ್ಕು ದಿನದ ಬಾಬತ್ತು. ಕೆಲಸಕ್ಕೆ ಹೋಗೋರಿಗೆ ಒಂದು ತಿಂಗಳ ಸಂಬಳವೇ ಫೀಸಿಗಿಂತ ದೊಡ್ಡ ಖರ್ಚು. ವಿದ್ಯಾರ್ಥಿಗೆ ಆ ತಲೆಬಿಸಿ ಇಲ್ಲ. ಆ ಲೆಕ್ಕದಲ್ಲಿ ಇದೇ ಸರಿಯಾದ ಹೊತ್ತು.

ಸಾಗರ ರಸ್ತೆ:
ಒಂದು ಸೇರಿಸ್ತೀನಿ. ಕೋರ್ಸಿಗೆ ಹಾಜರಾಗಬೇಕಾದ ದಿನಕ್ಕೆ ಸರಿಯಾಗಿ ಮುಟ್ಟೋ ಹಾಗೆ ಟಿಕೆಟ್ ಮಾಡಬೇಡಿ. ಉತ್ತರದ ರೈಲು ಚಳಿಗಾಲದ ಮಂಜಿಗೆ, ಮಳೆಗೆ ಅರ್ಧ ದಿನ ತಡ ಆಗೋದು ಮಾಮೂಲು. ಭೂಕುಸಿತದಿಂದ ಉತ್ತರಕಾಶಿ ರಸ್ತೆಯೂ ನಿಲ್ತದೆ. ತಡವಾಗಿ ಹೋದರೆ ಸೇರಿಸಿಕೊಳ್ಳಲೇಬೇಕು ಅಂತ ನಿಯಮ ಇಲ್ಲ. ಒಂದು ದಿನ ಮೊದಲೇ ಹೋಗಿ ಕೂತರೆ ಲಾಡ್ಜಿನ ದುಡ್ಡಷ್ಟೇ ಹೋಗ್ತದೆ.

ಸೀಟಿನ ವಿಷಯವೂ ಹಾಗೇ. ಕೋರ್ಸುಗಳು ಮುಖ್ಯವಾಗಿ ಮುಂಗಾರಿಗೆ ಮೊದಲು ಮತ್ತು ಮುಂಗಾರಿನ ನಂತರ, ಎರಡು ಋತುವಿನಲ್ಲಿ ನಡೀತವೆ. ಮೇ-ಜೂನ್ ತಂಡಗಳು ಬೇಗ ತುಂಬ್ತವೆ, ಯಾಕಂದ್ರೆ ದೇಶದ ಎಲ್ಲ ಕಾಲೇಜಿಗೂ ಆಗಲೇ ರಜೆ. ಆರು ತಿಂಗಳಿಂದ ವರ್ಷದ ಮೊದಲೇ ಅರ್ಜಿ ಹಾಕಿ. ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬಂದರೂ ಕೈಬಿಡಬೇಡಿ, ಕೊನೇ ತಿಂಗಳಲ್ಲಿ ಹಿಂದೆ ಸರಿಯೋರು ಇದ್ದೇ ಇರ್ತಾರೆ. ಹಣ ವಾಪಸಾತಿಯ ನಿಯಮ ಓದಿಯೇ ಫೀಸು ಕಟ್ಟಿ, ಕೋರ್ಸಿನ ದಿನ ಹತ್ತಿರ ಬಂದಷ್ಟೂ ವಾಪಸ್ ಬರೋದು ಕಡಿಮೆ. ಹುಡುಗಿಯರು ಇದನ್ನು ಓದ್ತಿದ್ದರೆ, ಮಹಿಳೆಯರಿಗಷ್ಟೇ ಇರುವ ತಂಡಗಳೂ ಇವೆ.

ಇನ್ನೊಂದು ದಾರಿ ಎನ್‌ಸಿಸಿ. ಹುಡುಗ ಕೆಡೆಟ್ ಆಗಿದ್ದರೆ ಬೆಟಾಲಿಯನ್ ಕಚೇರಿಯಲ್ಲಿ ವಿಚಾರಿಸಿ. ಈ ಸಂಸ್ಥೆಗಳ ಕೋರ್ಸಿಗೆ ಎನ್‌ಸಿಸಿ ತನ್ನ ಕೆಡೆಟ್‌ಗಳನ್ನು ಕಳಿಸ್ತದೆ. ಆಗ ಫೀಸಿನ ಭಾರ ಮನೆ ಮೇಲೆ ಬೀಳಲ್ಲ.

ತುಂಗಾ ತೀರ:
ಎನ್‌ಸಿಸಿ ಇಲ್ಲ, ಎನ್ಎಸ್ಎಸ್‌ನಲ್ಲಿದ್ದ. ಸರಿ, ಆ ಇಪ್ಪತ್ತೆಂಟು ದಿನ ಏನು ಮಾಡಿಸ್ತಾರೆ? ಅಣ್ಣನಿಗೆ ಅದನ್ನೇ ವಿವರಿಸಬೇಕು.

ಹಗ್ಗ ಗಂಟು:
ಸ್ಥೂಲವಾಗಿ ಮೂರು ಹಂತ. ಮೊದಲ ವಾರ ಕೆಳಗೆ, ಬಂಡೆ ಮೇಲೆ. ಉತ್ತರಕಾಶಿಯವರು ಊರ ಹತ್ತಿರದ ತೆಖ್ಲಾದಲ್ಲಿ, ಡಾರ್ಜಿಲಿಂಗಿನವರು ತೇನ್‌ಸಿಂಗ್ ರಾಕ್, ಗೊಂಬು ರಾಕ್‌ನಲ್ಲಿ ಮಾಡಿಸ್ತಾರೆ. ಬೆಳಿಗ್ಗೆ ಓಟ, ವ್ಯಾಯಾಮ, ಆಮೇಲೆ ಗಂಟುಗಳು: ಫಿಗರ್ ಆಫ್ ಏಯ್ಟ್, ಕ್ಲೋವ್ ಹಿಚ್, ಬೋಲೈನ್, ಪ್ರೂಸಿಕ್, ಟೇಪ್ ನಾಟ್. ಬಿಲೇ ಕೊಡೋದು (ಹತ್ತೋನ ಹಗ್ಗ ಹಿಡಿದು ಬೀಳದಂತೆ ಕಾಯೋದು), ರ‍್ಯಾಪೆಲಿಂಗ್ (ಹಗ್ಗ ಹಿಡಿದು ಇಳಿಯೋದು), ಜುಮಾರ್ ಅನ್ನೋ ಹಿಡಿಕೆ ಹಾಕಿ ಹಗ್ಗ ಏರೋದು. ಗಂಟನ್ನು ಪುಸ್ತಕದಲ್ಲಿ ನೋಡಿ ಹಾಕೋದು ಎಲ್ಲರಿಗೂ ಬರ್ತದೆ. ಕೈಗವಸು ಹಾಕಿಕೊಂಡು, ಮಂಜಿನಲ್ಲಿ ಗಟ್ಟಿಯಾದ ಹಗ್ಗದಲ್ಲಿ, ಕೈ ಬೆನ್ನ ಹಿಂದೆ ಇಟ್ಟು ಹಾಕೋಕೆ ಬರ್ತದಾ ಅನ್ನೋದೇ ಪರೀಕ್ಷೆ.

ಎರಡನೇ ಹಂತ ನಡಿಗೆ. ಹದಿನೈದು ಇಪ್ಪತ್ತು ಕಿಲೋ ಹೊತ್ತು ದಿನಕ್ಕೆ ಐದಾರು ತಾಸು, ಮೂರು ನಾಲ್ಕು ದಿನ. ಡಾರ್ಜಿಲಿಂಗ್ ಸಂಸ್ಥೆಯ ಸಾಂಪ್ರದಾಯಿಕ ದಾರಿ ಸಿಕ್ಕಿಮಿನ ಯುಕ್ಸಮ್‌ನಿಂದ ಜೊಂಗ್ರಿ ಮೇಲೆ ಹಾದು ಚೌರಿಖಾಂಗ್ ಬೇಸ್ ಕ್ಯಾಂಪಿಗೆ, ಅದು 4,400 ಮೀಟರ್ ಆಸುಪಾಸು. ಮನಾಲಿಯವರು ಸೋಲಂಗ್ ಕಡೆಯಿಂದ ಬಿಯಾಸ್ ಕುಂಡದ ಬಳಿ ಮಾಡಿಸ್ತಾರೆ.

ಮೂರನೇದು ಹಿಮನದಿ. ನಿಮ್ಮಣ್ಣನ ಪ್ರಶ್ನೆಗೆ ಉತ್ತರ ಇರೋದು ಇಲ್ಲಿ. ಸೆಲ್ಫ್ ಅರೆಸ್ಟ್ ಅಂತ ಒಂದು ಪಾಠ ಇದೆ. ಗಟ್ಟಿ ಹಿಮದ ಇಳಿಜಾರಿನಲ್ಲಿ ಕಾಲು ಜಾರಿದರೆ ಎರಡು ಸೆಕೆಂಡಿನೊಳಗೆ ನಿಲ್ಲಬೇಕು, ಆಮೇಲೆ ವೇಗ ಕೈಗೆ ಸಿಗಲ್ಲ. ಐಸ್ ಆಕ್ಸಿನ (ಹಿಮಗೊಡಲಿಯ) ತಲೆ ಒಂದು ಕೈಯಲ್ಲಿ, ಹಿಡಿಯ ಕೆಳತುದಿ ಇನ್ನೊಂದು ಕೈಯಲ್ಲಿ. ಹಿಡಿ ಎದೆಗೆ ಓರೆಯಾಗಿ, ಅಗಲವಾದ ಬಾಯಿ ಭುಜದ ಪಕ್ಕಕ್ಕೆ, ಚೂಪು ಮೂತಿ ಹಿಮಕ್ಕೆ. ಮಕಾಡೆ ಹೊರಳಿ ಎದೆಯ ಭಾರ ಪೂರ್ತಿ ಆಕ್ಸಿನ ಮೇಲೆ ಹಾಕಬೇಕು. ಕಾಲಿಗೆ ಕ್ರ್ಯಾಂಪಾನ್ (ಬೂಟಿನ ಅಡಿಗೆ ಕಟ್ಟೋ ಲೋಹದ ಹಲ್ಲುಗಳು) ಇದ್ದರೆ ಮಂಡಿ ಊರಿ ಪಾದ ಮೇಲೆತ್ತಬೇಕು. ಕ್ರ್ಯಾಂಪಾನಿನ ಹಲ್ಲು ಹಿಮಕ್ಕೆ ಸಿಕ್ಕಿಕೊಂಡರೆ ಮೈ ಅಲ್ಲೇ ಪಲ್ಟಿ ಹೊಡೆದು ಕಣಕಾಲು ಮುರೀತದೆ. ಮೊದಲು ಮಕಾಡೆ ಜಾರಿ, ಆಮೇಲೆ ಅಂಗಾತ, ಆಮೇಲೆ ತಲೆ ಕೆಳಗಾಗಿ ಅಂಗಾತ ಜಾರಿ, ಪ್ರತಿಯೊಂದನ್ನೂ ಮೈ ತಾನೇ ಮಾಡೋವರೆಗೆ ಮಾಡಿಸ್ತಾರೆ. ಯೂಟ್ಯೂಬಿನಲ್ಲಿ ನೋಡಿದೋನಿಗೆ ಬೀಳುವಾಗ ನೆನಪಾಗೋದು ಆಕ್ಸನ್ನು ಕೈಬಿಡೋದು ಮಾತ್ರ.

ಕೊಡಚಾದ್ರಿಯಲ್ಲಿ ಜಾರಿದರೆ ಕುಂಡೆ ತರಚ್ತದೆ, ಒಂದು ಪೊದೆ ಹಿಡೀತದೆ. ಅಲ್ಲಿ ಪೊದೆ ಇಲ್ಲ ಅಂತ ಅಣ್ಣನಿಗೆ ಹೇಳಿ.

ಬಿದನೂರು ಕೋಟೆ:
ಬರಹ ಚೆನ್ನಾಗಿದೆ ಸ್ವಾಮಿ, ಆದರೆ ಅಣ್ಣನ ಪ್ರಶ್ನೆ ಅಷ್ಟು ಸುಲಭಕ್ಕೆ ತಳ್ಳಿಹಾಕೋ ಹಾಗಿಲ್ಲ. ಎಲ್ಲರೂ ಹಿಮಾಲಯಕ್ಕೆ ಹೋಗೋದಿಲ್ಲವಲ್ಲ. ಪಶ್ಚಿಮ ಘಟ್ಟದಲ್ಲಿ ಚಾರಣ ಮಾಡೋನಿಗೆ ಹಿಮದ ಕೋರ್ಸು ಯಾಕೆ ಅಂತ?

ಹಗ್ಗ ಗಂಟು:
ಬೇಡವೇ ಬೇಡ. ಅದನ್ನು ನೇರವಾಗಿ ಹೇಳೋಣ. ಘಟ್ಟದ ಚಾರಣಕ್ಕೆ ಅಂತ ಈ ಕೋರ್ಸ್ ಮಾಡಿದರೆ ಮುಕ್ಕಾಲು ಪಾಲು ಉಪಯೋಗಕ್ಕೆ ಬರಲ್ಲ. ಘಟ್ಟದ ಅಪಾಯದ ಪಟ್ಟಿಯೇ ಬೇರೆ: ಪಾಚಿ ಕಟ್ಟಿದ ಬಂಡೆ, ಮೇಲೆಲ್ಲೋ ಮಳೆ ಹುಯ್ದು ಅರ್ಧ ಗಂಟೆಯಲ್ಲಿ ಏರುವ ಹಳ್ಳ, ಹತ್ತಡಿ ಆಚೆ ಕಾಣದ ಮಂಜು, ಕಾಟಿ, ಹಾವು. ಇವಕ್ಕೆ ಬೇಕಾದದ್ದು ನಕ್ಷೆ ಓದೋದು, ಪ್ರಥಮ ಚಿಕಿತ್ಸೆ, ಹಗ್ಗದ ಮೂಲ ಜ್ಞಾನ. ಅದನ್ನು ರಾಜ್ಯದೊಳಗೇ ಕಲೀಬಹುದು. ಯುವ ಸಬಲೀಕರಣ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಲಾರೋಹಣ ಶಿಬಿರ ಮಾಡ್ತದೆ. ರಾಮನಗರದ ಗ್ರಾನೈಟ್, ಬಾದಾಮಿಯ ಮರಳುಗಲ್ಲು ಎರಡೂ ಕಲಿಯೋಕೆ ಒಳ್ಳೇ ಬಂಡೆಗಳು. ಶಿಲಾರೋಹಣದಲ್ಲೇ ಹುಚ್ಚು ಇರೋನು ಬೇಸಿಕ್ ಕೋರ್ಸಿಗೆ ಹೋಗಿ "ಬರೀ ನಡೆಸಿದ್ರು" ಅಂತ ಬೈಕೊಂಡು ಬರ್ತಾನೆ. ಅವನು ಬಾದಾಮಿಗೇ ಹೋಗಬೇಕು.

ಹುಡುಗನಿಗೆ ಮುಂದೆ ಆರು ಸಾವಿರ ಮೀಟರಿನ ಶಿಖರ ಹತ್ತೋ ಆಸೆ ಇದೆಯಾ? ಇದ್ದರೆ ಈ ಕೋರ್ಸು. ಇಲ್ಲದಿದ್ದರೆ ಅದೇ ದುಡ್ಡಿನಲ್ಲಿ ಎರಡು ಹಿಮಾಲಯದ ಚಾರಣ ಆಗ್ತದೆ.

ಜಂಬಿಟ್ಟಿಗೆ:
ಮಲೆನಾಡಿನ ಬಂಡೆ ಬಗ್ಗೆ ಮಾತು ಬಂತಲ್ಲ, ಹೇಳಲೇಬೇಕು. ಇತ್ತೀಚೆಗೆ ಮಳೆಗಾಲದಲ್ಲಿ ಜಲಪಾತದಲ್ಲಿ ರ‍್ಯಾಪೆಲಿಂಗ್ ಮಾಡಿಸೋರು ಊರೂರಿಗೆ ಆಗಿದ್ದಾರೆ. ಅದನ್ನೇ "ಪರ್ವತಾರೋಹಣ ತರಬೇತಿ" ಅಂತ ಮಾರ್ತಾರೆ. ಮಗನನ್ನು ಅಂಥಲ್ಲಿಗೆ ಕಳಿಸೋ ಮೊದಲು ಹಗ್ಗ ಕಟ್ಟಿದ ಜಾಗ ನೋಡಿ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಆಧಾರ ಇರಬೇಕು, ಒಂದು ಕಿತ್ತರೂ ಇನ್ನೊಂದು ಹಿಡೀಬೇಕು. ಒಂದೇ ಮರಕ್ಕೆ ಎರಡು ಸುತ್ತು ಸುತ್ತಿದ್ದರೆ ಅದು ಒಂದೇ ಆಧಾರ. ನಮ್ಮ ಜಂಬಿಟ್ಟಿಗೆ ಕಲ್ಲಿಗೆ ಬೋಲ್ಟು ಹೊಡೆದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಮಳೆ ಕುಡಿದ ಆ ಕಲ್ಲು ಬೆರಳಲ್ಲಿ ಕೆರೆದರೆ ಉದುರ್ತದೆ.

ಇಳಿಯೋನಿಗೆ ಮುಖ್ಯ ಹಗ್ಗ ಬಿಟ್ಟು ಮೇಲಿಂದ ಬೇರೆ ಸುರಕ್ಷಾ ಹಗ್ಗ ಇದೆಯಾ? ಬಂಡೆಯ ಅಂಚಲ್ಲಿ ಹಗ್ಗ ಉಜ್ಜೋ ಕಡೆ ಗೋಣಿಯೋ ಪ್ಯಾಡೋ ಹಾಕಿದ್ದಾರಾ? ಹಗ್ಗದ ಕೆಳತುದಿಗೆ ಗಂಟು ಇದೆಯಾ? ಇದು ಇಲ್ಲದೆ ಹಗ್ಗ ಮುಗಿದಲ್ಲಿ ಜಾರಿ ಬಿದ್ದು ಸತ್ತೋರಲ್ಲಿ ಪಳಗಿದ ಕ್ಲೈಂಬರುಗಳೂ ಇದ್ದಾರೆ. ಉದ್ದ ಕೂದಲು, ದುಪಟ್ಟಾ, ಸಡಿಲ ಅಂಗಿ ಡಿಸೆಂಡರಿಗೆ (ಹಗ್ಗದಲ್ಲಿ ಇಳಿಯೋ ಸಾಧನಕ್ಕೆ) ಸಿಕ್ಕಿಕೊಂಡರೆ ಮಧ್ಯದಲ್ಲೇ ನೇತಾಡಬೇಕು. ನೀರಿನ ಧಾರೆಯ ಕೆಳಗೆ ಹಾಗೆ ಸಿಕ್ಕಿಕೊಂಡರೆ ನಿಮಿಷಗಳಲ್ಲೇ ಉಸಿರಿಗೆ ತೊಂದರೆ. ಅದಕ್ಕೇ ಮೇಲಿನ ಕಟ್ಟು, ಭಾರ ಬಿದ್ದಿರುವಾಗಲೂ ಸಡಿಲಿಸಿ ಕೆಳಗಿಳಿಸುವ ಹಾಗೆ ಇರಬೇಕು. "ಸಿಕ್ಕಿಕೊಂಡರೆ ಹೇಗೆ ಇಳಿಸ್ತೀರಿ, ಒಮ್ಮೆ ಮಾಡಿ ತೋರಿಸಿ" ಅಂತ ಕೇಳಿ. ತಡವರಿಸಿದರೆ ದುಡ್ಡು ಜೇಬಲ್ಲೇ ಇರಲಿ.

ಮಲ್ನಾಡ್ ಕ್ಲಿನಿಕ್:
ಆರೋಗ್ಯದ ಭಾಗ ನಾನು ಹೇಳ್ತೀನಿ. ಮಲೆನಾಡಿನಲ್ಲಿ ಎಷ್ಟು ಬೆಟ್ಟ ಹತ್ತಿದರೂ ಎತ್ತರಕ್ಕೆ ದೇಹ ಒಗ್ಗಲ್ಲ. ಕೊಡಚಾದ್ರಿ 1,343 ಮೀಟರ್, ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930. ಎತ್ತರದ ಕಾಯಿಲೆ ಶುರುವಾಗೋದೇ ಸಾಮಾನ್ಯವಾಗಿ 2,500 ಮೀಟರಿನ ಮೇಲೆ. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಕಟ್ಟುಮಸ್ತು ಹುಡುಗರಿಗೂ ಬರ್ತದೆ. ಅವರಿಗೇ ಜಾಸ್ತಿ ಕಾಟ, ಯಾಕಂದ್ರೆ ಮೊದಲ ದಿನ ಎಲ್ಲರಿಗಿಂತ ಮುಂದೆ ಓಡ್ತಾರೆ.

ನಿಯಮ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ದಿನ. ತಲೆನೋವು, ವಾಕರಿಕೆ, ನಿದ್ದೆಗೆಡೋದು ಮೊದಲ ಸೂಚನೆ. ಕೂತಲ್ಲೇ ಏದುಸಿರು, ಗೊರಗೊರ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು. ಗೆರೆ ಮೇಲೆ ನೇರ ನಡೆಯೋಕೆ ಆಗದೆ ತೂರಾಡಿದರೆ ಮೆದುಳಿನ ಊತ. ಎರಡಕ್ಕೂ ಮೊದಲ ಮದ್ದು ತಕ್ಷಣ ಕೆಳಗಿಳಿಸೋದು, ರಾತ್ರಿಯಾದರೂ ಸರಿ. ಡಯಾಮಾಕ್ಸ್ ಮಾತ್ರೆ ತಡೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ. ಮಾತ್ರೆ ತಿಂದೆ ಅಂತ ಜೋರಾಗಿ ಏರೋ ಹಾಗಿಲ್ಲ. ಹುಡುಗರು ಲಕ್ಷಣ ಮುಚ್ಚಿಡೋದೇ ದೊಡ್ಡ ತೊಂದರೆ, ಇಳಿಸಿದರೆ ಗ್ರೇಡ್ ಹೋಗ್ತದೆ ಅನ್ನೋ ಭಯಕ್ಕೆ.

ಹೋಗುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಉಬ್ಬಸ ಇದ್ದರೆ ಮುಚ್ಚಿಡಬೇಡಿ. ಹಲ್ಲಿನ ಹುಳುಕು ತುಂಬಿಸಿಕೊಂಡೇ ಹೋಗಿ, ಚಳಿಗೆ ಆ ನೋವು ಎದ್ದರೆ ಅಲ್ಲಿ ದಂತವೈದ್ಯರಿಲ್ಲ.

ಇನ್ನೊಂದು, ನಮ್ಮ ಜಿಲ್ಲೆಯದೇ ವಿಷಯ. ಡಿಸೆಂಬರಿನಿಂದ ಮೇ ತನಕ ಕಾಡಿನಲ್ಲಿ ಅಭ್ಯಾಸ ಮಾಡೋರು ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ಮರೀಬೇಡಿ. 1957ರಲ್ಲಿ ಅದು ಪತ್ತೆಯಾದದ್ದೇ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ತುಂಬು ತೋಳು, ಕಾಲುಚೀಲದೊಳಗೆ ಪ್ಯಾಂಟು, ಮೈಗೆ ಹಚ್ಚೋಕೆ ಆರೋಗ್ಯ ಇಲಾಖೆ ಕೊಡೋ ಡೇಪಾ ಎಣ್ಣೆ. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಮೈಯೆಲ್ಲ ಉಣುಗು ಹುಡುಕಿ. ಮಂಗ ಸತ್ತು ಬಿದ್ದ ಕಡೆ ಕಾಲಿಡಬೇಡಿ.

ತುಂಗಾ ತೀರ:
ಡಾಕ್ಟ್ರೇ, ವಿಮೆ ಬಗ್ಗೆ ಗೊಂದಲ ಇದೆ. ಮನೆಯವರಿಗೆಲ್ಲ ಇರೋ ಆರೋಗ್ಯ ವಿಮೆ ಇದಕ್ಕೆ ನಡೀತದಾ?

ಸಾಗರ ರಸ್ತೆ:
ಅವರ ಬದಲು ನಾನು ಹೇಳ್ತೀನಿ. ಪಾಲಿಸಿ ಪತ್ರದಲ್ಲಿ ಹೊರಗಿಟ್ಟ ಸಂಗತಿಗಳ ಪಟ್ಟಿ ನೋಡಿ. ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಗೊತ್ತುಮಾಡಿದ ಒಂಬತ್ತನೇ ಸಂಕೇತದ ಹೊರತುಪಡಿಕೆ ಸಾಹಸ ಕ್ರೀಡೆಯದ್ದು. ಶಿಲಾರೋಹಣ, ಪರ್ವತಾರೋಹಣ ಎರಡರ ಹೆಸರೂ ಅಲ್ಲಿದೆ. ಆದರೆ ಅದು ವೃತ್ತಿಪರನಾಗಿ ಭಾಗವಹಿಸಿದಾಗಿನ ಚಿಕಿತ್ಸೆಗೆ ಅನ್ವಯ. ಕಲಿಯೋಕೆ ಹೋದ ವಿದ್ಯಾರ್ಥಿ ಅದರೊಳಗೆ ಬೀಳ್ತಾನಾ ಅಂತ ಕಂಪನಿಯಿಂದ ಮೇಲ್‌ನಲ್ಲೇ ಉತ್ತರ ತರಿಸಿ ಇಟ್ಟುಕೊಳ್ಳಿ. ಫೋನಿನಲ್ಲಿ "ಆಗ್ತದೆ ಸರ್" ಅಂದದ್ದು ಕ್ಲೇಮ್ ದಿನ ನಿಲ್ಲಲ್ಲ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸೋ ಖರ್ಚು ಸೇರಿದೆಯಾ ಅನ್ನೋದನ್ನೂ ಬೇರೆ ಸಾಲಿನಲ್ಲಿ ಕೇಳಿ.

ಬಿದನೂರು ಕೋಟೆ:
ಆರು ದಿನದ ಖಾಸಗಿ ಕೋರ್ಸಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಹಗ್ಗ ಗಂಟು:
ಎಲ್ಲ ಖಾಸಗಿ ಕೋರ್ಸೂ ಮೋಸ ಅಲ್ಲ. ಸಣ್ಣ ತಂಡ, ಒಬ್ಬ ಬೋಧಕನಿಗೆ ನಾಲ್ಕೈದು ಜನ, ಒಬ್ಬೊಬ್ಬರ ತಪ್ಪನ್ನೂ ತಿದ್ದೋಕೆ ಪುರುಸೊತ್ತು ಇರ್ತದೆ. ತಿಂಗಳ ರಜೆ ಸಿಗದ ನೌಕರರಿಗೆ ಅದೇ ಗತಿ. ಆದರೆ ಮೂರು ಕೊರತೆ. ದಿನದ ಲೆಕ್ಕದಲ್ಲಿ ಖರ್ಚು ಸರ್ಕಾರಿ ಕೋರ್ಸಿನ ಹಲವು ಪಟ್ಟು. ಆರು ದಿನದಲ್ಲಿ ದೇಹ ಎತ್ತರಕ್ಕೆ ಒಗ್ಗೋ ಹೊತ್ತಿಗೆ ಕೋರ್ಸೇ ಮುಗಿದಿರ್ತದೆ. ಇನ್ನೊಂದು, ಆ ಪ್ರಮಾಣಪತ್ರ ಹಿಡಿದು ಸರ್ಕಾರಿ ಸಂಸ್ಥೆಯ ಅಡ್ವಾನ್ಸ್ ಕೋರ್ಸಿಗೆ ಹೋಗೋಕೆ ಆಗಲ್ಲ. ಅಲ್ಲಿ ಕೇಳೋದು ಅಂಥದೇ ಮಾನ್ಯ ಸಂಸ್ಥೆಯ ಬೇಸಿಕ್, ಅದೂ ಎ ಗ್ರೇಡಿನದು.

ಬೋಧಕರು, ಕಲಿಸೋದು ಹೇಗೆ ಅಂತ ಹೇಳಿಕೊಡೋ ಮೆಥಡ್ ಆಫ್ ಇನ್‌ಸ್ಟ್ರಕ್ಷನ್ ಕೋರ್ಸ್ ಮಾಡಿದ್ದಾರಾ, ಯಾವ ಸಂಸ್ಥೆ, ಯಾವ ವರ್ಷ ಅಂತ ಕೇಳಿ. ಮಾಡಿದೋನು ಥಟ್ಟಂತ ಹೇಳ್ತಾನೆ. "ನಮ್ಮಲ್ಲಿ ಸ್ಯಾಟಲೈಟ್ ಫೋನ್ ಇದೆ" ಅಂತ ಜಂಬ ಕೊಚ್ಚಿದರೆ ಅನುಮತಿ ಪತ್ರ ತೋರಿಸಿ ಅನ್ನಿ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಂಡರೆ ಕೇಸು. ಪತ್ರ ತೋರಿಸದಿದ್ದರೆ ಒಂದೋ ಫೋನ್ ಇಲ್ಲ, ಇಲ್ಲಾ ಕಾನೂನು ಗೊತ್ತಿಲ್ಲ. ಎರಡೂ ಒಳ್ಳೇ ಲಕ್ಷಣ ಅಲ್ಲ.

ಜಂಬಿಟ್ಟಿಗೆ:
ಎ ಗ್ರೇಡ್ ಹೆಸರು ಬಂತು. ಅದರ ಹಿಂದೆ ಬಿದ್ದು ಕಾಲು ಮುರಿದುಕೊಳ್ಳೋರೇ ಜಾಸ್ತಿ ಮಾರಾಯ್ರೆ. ಅದು ಬರೀ ಶಕ್ತಿಗೆ ಸಿಗೋದಲ್ಲ. ಬಂಡೆ, ಹಿಮ, ಮಂಜುಗಡ್ಡೆ ಮೂರರ ಕೌಶಲ, ಲಿಖಿತ ಪರೀಕ್ಷೆ, ನಡತೆ ಎಲ್ಲಕ್ಕೂ ಅಂಕ. ಟೆಂಟಿನ ಜೊತೆಗಾರನ ಹೊರೆ ಹಂಚಿಕೊಳ್ಳದೆ ತಾನೊಬ್ಬನೇ ಮೊದಲು ಮುಟ್ಟಿದೋನನ್ನು ಬೋಧಕರು ನೋಡಿಯೇ ಇರ್ತಾರೆ. ಲಿಖಿತ ಪರೀಕ್ಷೆಯನ್ನು ಸಸಾರ ಮಾಡಬೇಡಿ: ಹಗ್ಗದ ದಪ್ಪ, ಡೈನಾಮಿಕ್ ಹಗ್ಗಕ್ಕೂ ಸ್ಟ್ಯಾಟಿಕ್ ಹಗ್ಗಕ್ಕೂ ವ್ಯತ್ಯಾಸ, ಹಿಮಕುಸಿತದ ಬಗೆ, ಭಾರತದ ಪರ್ವತಾರೋಹಣದ ಇತಿಹಾಸ. 1953ರಲ್ಲಿ ತೇನ್‌ಸಿಂಗ್ ಎವರೆಸ್ಟ್ ಹತ್ತಿದ ಮರುವರ್ಷವೇ ಡಾರ್ಜಿಲಿಂಗ್ ಸಂಸ್ಥೆ ಶುರುವಾಯ್ತು, ಅವರೇ ಅಲ್ಲಿ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರು. ಉತ್ತರಕಾಶಿಯದ್ದು 1965ರದು, 1984ರಲ್ಲಿ ಎವರೆಸ್ಟ್ ಏರಿದ ಬಚೇಂದ್ರಿ ಪಾಲ್ ಕಲಿತದ್ದು ಅಲ್ಲೇ. ಇಷ್ಟಾದರೂ ಗೊತ್ತಿರಲಿ.

ಎ ಬರದಿದ್ದರೆ ಲೋಕ ಮುಳುಗಲ್ಲ. ಕಲಿತದ್ದು ಕೈಯಲ್ಲೇ ಇರ್ತದೆ. ಅಡ್ವಾನ್ಸ್‌ಗೆ ಹೋಗಲೇಬೇಕಿದ್ದರೆ ಮತ್ತೆ ಬೇಸಿಕ್ ಮಾಡಬೇಕು, ಅಷ್ಟೇ.

ತುಂಗಾ ತೀರ:
ಮಾಡಿದ ಮೇಲೆ ಕೆಲಸಕ್ಕೆ ಏನಾದರೂ ಅನುಕೂಲ? ಅತ್ತಿಗೆ ಕೇಳಿದ್ದು ಇದು.

ಸಾಗರ ರಸ್ತೆ:
ಬೇಸಿಕ್ ಒಂದರಿಂದ ಕೆಲಸ ಸಿಗ್ತದೆ ಅಂತ ಅಂದುಕೊಂಡು ಕಳಿಸಬೇಡಿ ಅಂತ ಅತ್ತಿಗೆಗೆ ಹೇಳಿ. ಟ್ರೆಕ್ ಕಂಪನಿಗಳಲ್ಲಿ ಸಹಾಯಕ ಲೀಡರ್ ಆಗೋಕೆ ಇದು ಬಾಗಿಲು ತೆರೀತದೆ. ಆದರೆ ಅದು ಋತುಮಾನದ ಕೆಲಸ, ವರ್ಷದಲ್ಲಿ ಆರು ತಿಂಗಳು ಖಾಲಿ. ಬೋಧಕನಾಗಿ ನಿಲ್ಲಬೇಕಾದರೆ ಬೇಸಿಕ್, ಅಡ್ವಾನ್ಸ್, ಮೆಥಡ್ ಆಫ್ ಇನ್‌ಸ್ಟ್ರಕ್ಷನ್, ಆಗುವುದಾದರೆ ಸರ್ಚ್ ಅಂಡ್ ರೆಸ್ಕ್ಯೂ, ಅದಕ್ಕೆ ಬೇಸಿಕ್, ಅಡ್ವಾನ್ಸ್ ಎರಡರಲ್ಲೂ ಎ ಗ್ರೇಡ್. ಎರಡು ಮೂರು ವರ್ಷ, ಪ್ರತಿ ಸಲವೂ ಪ್ರಯಾಣ, ಬಟ್ಟೆ, ತಿಂಗಳ ಖರ್ಚು. ಅಷ್ಟಕ್ಕೆ ಮನಸ್ಸು ಇದೆಯಾ ಅಂತ ಮೊದಲ ಕೋರ್ಸಿನಲ್ಲೇ ತಿಳೀತದೆ.

ಕುಂದಾದ್ರಿ ಮೆಟ್ಟಿಲು:
ಯಾರೂ ತಯಾರಿಯ ಮಾತೇ ಎತ್ತಲಿಲ್ಲ. ಫೀಸು ಕಟ್ಟಿ ಅರ್ಧಕ್ಕೆ ವಾಪಸ್ ಬಂದರೆ ಅದಕ್ಕಿಂತ ದುಬಾರಿ ಯಾವುದೂ ಇಲ್ಲ. ಕನಿಷ್ಠ ಹನ್ನೆರಡು ವಾರ ಬೇಕು. ಗುರಿ: 5 ಕಿ.ಮೀ. ಓಟ 30 ನಿಮಿಷದೊಳಗೆ ಏದುಸಿರಿಲ್ಲದೆ, 15 ಕಿಲೋ ಹೊತ್ತು ನಾಲ್ಕು ತಾಸು ನಿಲ್ಲದೆ ಏರು ನಡಿಗೆ.

ವಾರಕ್ಕೆ ಮೂರು ದಿನ ಓಟ, ಎರಡು ದಿನ ಹೊರೆ. ಹೊರೆ ಹೊತ್ತು ಓಡಬೇಡಿ, ಮಂಡಿಗೆ ಅದಕ್ಕಿಂತ ಶತ್ರು ಇಲ್ಲ. ಮೊದಲ ವಾರ 5 ಕಿಲೋ, ಆಮೇಲೆ ಎರಡು ವಾರಕ್ಕೆ ಎರಡು ಮೂರು ಕಿಲೋ ಏರಿಸಿ. ಮಳೆಗಾಲದಲ್ಲಿ ಬೆಟ್ಟಕ್ಕೆ ಹೋಗಲಾಗದಿದ್ದರೆ ನೆಹರೂ ಕ್ರೀಡಾಂಗಣದ ಮೆಟ್ಟಿಲೇ ಸಾಕು, 45 ನಿಮಿಷ ಏರಿ ಇಳಿಯೋದು. ಹೊರೆಗೆ ಕಲ್ಲು ತುಂಬಬೇಡಿ, ನೀರಿನ ಕ್ಯಾನು ಹಾಕಿ. ಮೇಲೆ ಹೋಗಿ ನೀರು ಚೆಲ್ಲಿ ಖಾಲಿ ಚೀಲದಲ್ಲಿ ಇಳಿದರೆ ಮಂಡಿ ಉಳೀತದೆ. ಕೊನೆಯ ಮೂರು ವಾರ ಮಾತ್ರ ಚೆಲ್ಲದೆ ಹೊತ್ತೇ ಇಳಿಯಿರಿ. ಇಳಿಯುವಾಗ ತೊಡೆಯ ಸ್ನಾಯು ಎಳೆಸಿಕೊಂಡೇ ದುಡೀಬೇಕು. ಆ ಅಭ್ಯಾಸ ಇಲ್ಲದವರಿಗೆ ಅಲ್ಲಿ ಎರಡನೇ ದಿನ ಮೆಟ್ಟಿಲು ಇಳಿಯೋಕೂ ಆಗಲ್ಲ.

ತೀರ್ಥಹಳ್ಳಿ ಕಡೆಯವರಿಗೆ 826 ಮೀಟರಿನ ಕುಂದಾದ್ರಿ, ಹೊಸನಗರದವರಿಗೆ ಕೊಡಚಾದ್ರಿ ಇದ್ದೇ ಇದೆ. ಕೊಡಚಾದ್ರಿ ಮೂಕಾಂಬಿಕಾ ವನ್ಯಧಾಮದ ಒಳಗೆ ಬರ್ತದೆ. ಮಳೆಗಾಲದಲ್ಲಿ ಹಿಡ್ಲುಮನೆ ಹಾದಿಗೆ ಹೊರಡೋ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಹೊಸ ಬೂಟು ಖರೀದಿಸಿದ್ದರೆ ಅದನ್ನು ಈ ತಿಂಗಳುಗಳಲ್ಲೇ ಹಾಕಿ ಪಳಗಿಸಿ.

ತುಂಗಾ ತೀರ:
ಬೂಟು ಅಲ್ಲೇ ಕೊಡ್ತಾರೆ ಅಂತ ಕೇಳಿದ್ದೆ?

ಕುಂದಾದ್ರಿ ಮೆಟ್ಟಿಲು:
ಹಿಮದ ಬೂಟು, ಕ್ರ್ಯಾಂಪಾನ್, ಐಸ್ ಆಕ್ಸ್, ಹಾರ್ನೆಸ್, ಕ್ಯಾರಾಬಿನರ್, ಹೆಲ್ಮೆಟ್, ಸ್ಲೀಪಿಂಗ್ ಬ್ಯಾಗ್, ದೊಡ್ಡ ಚೀಲ ಇವೆಲ್ಲ ಸಂಸ್ಥೆಯದ್ದೇ. ಅದಕ್ಕೆ ದುಡ್ಡು ಹಾಕಬೇಡಿ. ನಡಿಗೆಯ ಬೂಟು, ಓಟದ ಬೂಟು ನಿಮ್ಮದು. ಸಾಮಾನು ಹಂಚುವ ದಿನ ನಾಚಿಕೆ ಬಿಟ್ಟು ನಿಲ್ಲಬೇಕು. ಹಿಮದ ಬೂಟನ್ನು ಎರಡು ಜೊತೆ ಕಾಲುಚೀಲ ಹಾಕಿಯೇ ತೊಟ್ಟು ನೋಡಿ. ಇಳಿಜಾರಿನಲ್ಲಿ ನಿಂತು ಮುಂದಕ್ಕೆ ಒದೆಯಿರಿ, ಹೆಬ್ಬೆರಳು ತಾಗಿದರೆ ಒಂದು ಸೈಜು ದೊಡ್ಡದು ಕೇಳಿ. ಅವತ್ತು ಸುಮ್ಮನಿದ್ದೋನ ಉಗುರು ಮೂರು ವಾರದಲ್ಲಿ ಕಪ್ಪಾಗಿ ಉದುರ್ತದೆ. ಕ್ರ್ಯಾಂಪಾನನ್ನು ಅದೇ ಬೂಟಿಗೆ ಕೂರಿಸಿ ಅಲ್ಲಾಡಿಸಿ ನೋಡಿ.

ತಗೊಳ್ಳಬೇಕಾದದ್ದು: ಎರಡು ಜೊತೆ ಥರ್ಮಲ್, ನಾಲ್ಕೈದು ಜೊತೆ ಉಣ್ಣೆ ಕಾಲುಚೀಲ, ಒಳ ಕೈಗವಸು ಒಂದು, ನೀರು ತಡೆಯೋ ಹೊರ ಕೈಗವಸು ಒಂದು, ತಲೆಗೆ ಕಟ್ಟೋ ಟಾರ್ಚು. ಹತ್ತಿ ಬಟ್ಟೆ, ಜೀನ್ಸು ಮನೆಯಲ್ಲೇ ಇರಲಿ, ಬೆವರಿಗೆ ನೆಂದರೆ ಅಲ್ಲಿ ಒಣಗಲ್ಲ, ಮೈ ಶಾಖ ಎಳೀತದೆ. ಕನ್ನಡಕದಲ್ಲಿ ಉಳಿತಾಯ ಮಾಡಲೇಬೇಡಿ, ಪಕ್ಕ ಮುಚ್ಚಿದ್ದು, ಅತಿನೇರಳೆ ಕಿರಣ ಪೂರ್ತಿ ತಡೆಯೋದು ಬೇಕು. ಹಿಮದ ಬೆಳಕಿಗೆ ಒಂದೇ ಮಧ್ಯಾಹ್ನದಲ್ಲಿ ಕಣ್ಣು ಸುಟ್ಟು ರಾತ್ರಿ ಮರಳು ಹಾಕಿದಂತೆ ಉರೀತದೆ. ಮಳೆಗೆ ಹಗುರ ಪೊಂಚೋ ಸಾಕು, ಗೊರಬು ಎಷ್ಟೇ ಒಳ್ಳೇದಿದ್ದರೂ ಚೀಲಕ್ಕೆ ಹಿಡಿಸಲ್ಲ! ತೀರಾ ದುಬಾರಿ ಜಾಕೆಟ್ ಬೇಡ. ಪವರ್ ಬ್ಯಾಂಕ್ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇರಲಿ, ಚಳಿಗೆ ಬೇಗ ಕೂತುಬಿಡ್ತದೆ. ಊಟದಲ್ಲಿ ರೊಟ್ಟಿ ಜಾಸ್ತಿ. ಮೂರು ಹೊತ್ತೂ ಅನ್ನ ಬೇಕು ಅನ್ನೋ ಹುಡುಗ ಈಗಿನಿಂದಲೇ ರೂಢಿ ಮಾಡಿಕೊಳ್ಳಲಿ.

ಬಿದನೂರು ಕೋಟೆ:
ಒಂದು ಕಹಿ ಪ್ರಶ್ನೆ ಬಾಕಿ ಇದೆ. 2022ರಲ್ಲಿ ಉತ್ತರಕಾಶಿ ಸಂಸ್ಥೆಯ ತಂಡವೇ ಹಿಮಕುಸಿತಕ್ಕೆ ಸಿಕ್ಕಿತಲ್ಲ?

ಹಗ್ಗ ಗಂಟು:
ಹೌದು. ಅಕ್ಟೋಬರ್ 4ರಂದು, ದ್ರೌಪದಿ ಕಾ ದಾಂಡಾ ಎರಡನೇ ಶಿಖರದ ಹತ್ತಿರ. ಶಿಖರದ ಎತ್ತರ 5,670 ಮೀಟರ್. 27 ಜನರ ಶವ ಸಿಕ್ಕಿತು, ಇಬ್ಬರು ಆಗ ಸಿಗಲಿಲ್ಲ. ಸತ್ತವರಲ್ಲಿ ಕಲಿಯೋರಷ್ಟೇ ಅಲ್ಲ, ಬೋಧಕರೂ ಇದ್ದರು. ಅದು ಅಡ್ವಾನ್ಸ್ ಕೋರ್ಸಿನ ತಂಡ. ಬೇಸಿಕ್‌ನಲ್ಲಿ ಸಾಮಾನ್ಯವಾಗಿ ಶಿಖರದ ಬದಲು ಒಂದು ಗೊತ್ತಾದ ಎತ್ತರ ಮುಟ್ಟಿಸಿ ವಾಪಸ್ ತರ್ತಾರೆ. ಹಾಗಂತ ಬೇಸಿಕ್‌ನಲ್ಲಿ ಅಪಾಯವೇ ಇಲ್ಲ ಅಂತಲ್ಲ.

ಪದರ ಕಿತ್ತು ಜಾರುವ ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಆಗ್ತದೆ. ಇನ್ನೂ ಕಡಿದಾದ ಕಡೆ ಹಿಮ ನಿಲ್ಲದೆ ಆಗಾಗ ಉದುರಿ ಹೋಗ್ತದೆ. ಹೊಸ ಹಿಮ ಬಿದ್ದ ಮರುದಿನ, ಗಾಳಿ ಹಿಮವನ್ನು ಒಂದು ಮಗ್ಗುಲಿಗೆ ಪೇರಿಸಿದ ಮೇಲೆ ಅಪಾಯ ಹೆಚ್ಚು. ಹುಡುಗ ಹೋದಲ್ಲಿ ಕೇಳಬೇಕಾದ್ದು ಇದು: ಹಿಮಕುಸಿತದ ಮುನ್ಸೂಚನೆ ಎಲ್ಲಿಂದ ಬರ್ತದೆ, ಕಲಿಯೋರಿಗೆ ಬೀಕನ್ (ಹಿಮದಡಿ ಹೂತವರನ್ನು ಪತ್ತೆಮಾಡೋ ಸಾಧನ) ಕೊಡ್ತಾರಾ, ಇಳಿಜಾರು ದಾಟುವಾಗ ಎಷ್ಟು ಜನರನ್ನು ಒಟ್ಟಿಗೆ ಬಿಡ್ತಾರೆ. ಇವನ್ನು ಕೇಳೋದು ಉದ್ಧಟತನ ಅಲ್ಲ, ಒಳ್ಳೇ ಬೋಧಕರಿಗೆ ಇಂಥ ಪ್ರಶ್ನೆ ಇಷ್ಟ. ಅಣ್ಣನಿಗೂ ಅತ್ತಿಗೆಗೂ ಈ ವಿಷಯ ಮುಚ್ಚಿಟ್ಟು ಕಳಿಸಬೇಡಿ. ಅಲ್ಲಿ ಅಪಾಯಕ್ಕೆ ಸಮ್ಮತಿ ಪತ್ರದ ಮೇಲೆ ಸಹಿ ತಗೊಳ್ತಾರೆ, ಓದಿಯೇ ಹಾಕಲಿ.

ತುಂಗಾ ತೀರ:
ಎಲ್ಲರಿಗೂ ಧನ್ಯವಾದ. ಅಣ್ಣನಿಗೆ ಪೂರ್ತಿ ಓದಿ ಹೇಳಿದೆ. ಶಿಖರದ ಆಸೆ ಇದೆಯಾ ಅಂತ ಹುಡುಗನನ್ನೇ ಕೇಳಿದ್ವಿ, ಇದೆ ಅಂತಾನೆ. ಮುಂಗಾರು ಮುಗಿದ ಮೇಲಿನ ತಂಡಕ್ಕೆ ಅರ್ಜಿ ಹಾಕೋಣ ಅಂತ ಇದ್ದೀವಿ. ಮೆಡಿಕಲ್ ಫಾರಂ ಈಗಲೇ ಮಾಡಿಸಿಡಬಹುದಾ?

ಮಲ್ನಾಡ್ ಕ್ಲಿನಿಕ್:
ಈಗಲೇ ಬೇಡ. ಸಂಸ್ಥೆ ಹೇಳಿದ ಅವಧಿಯೊಳಗಿನದೇ ಆಗಬೇಕು, ಹಳೇದಾದರೆ ಅಲ್ಲಿ ಮತ್ತೆ ಮಾಡಿಸ್ತಾರೆ. ಅವರ ನಮೂನೆಯಲ್ಲೇ ಇರಲಿ, ಬೇರೆ ಕಾಗದದಲ್ಲಿ ಬರೆಸಿಕೊಂಡು ಹೋಗಬೇಡಿ. ಎಂಬಿಬಿಎಸ್ ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಮೂರೂ ಕಾಣಬೇಕು. ಅಲ್ಲಿಯೂ ಮೊದಲ ದಿನ ರಕ್ತದೊತ್ತಡ ನೋಡ್ತಾರೆ, ಎರಡು ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಹೋದರೆ ಅದು ಏರಿರ್ತದೆ. ಒಂದು ದಿನ ಮೊದಲು ಮುಟ್ಟಿ ಅಂತ ಮೇಲೆ ಹೇಳಿದ್ದಾರಲ್ಲ, ಅದಕ್ಕೆ ಇದೂ ಒಂದು ಕಾರಣ. ಹಿಮೋಗ್ಲೋಬಿನ್ ಮಾತ್ರ ಈ ವಾರವೇ ನೋಡಿಸಿ, ಕಡಿಮೆ ಇದ್ದರೆ ಸರಿಮಾಡಿಕೊಳ್ಳೋಕೆ ಮೂರು ತಿಂಗಳು ಬೇಕು.